ಕೆಂಪು ಸೆರಗಿನ ಪಾಠ: ಕ್ಯಾಮೆರಾ ಬಹುಮಾನದ ಸ್ಪರ್ಧೆಯೊಂದರ ಪ್ರಕರಣ ಅಧ್ಯಯನ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಮದುವೆ, ಸೀಮಂತ, ಜವಳದ ಫೋಟೊ ತೆಗೆದು ಬದುಕು ನಡೆಸುವ ಇಪ್ಪತ್ತಾರು ವರ್ಷದ ಯುವಕನೊಬ್ಬ 2023ರ ಆಷಾಢದಲ್ಲಿ ಛಾಯಾಗ್ರಹಣದ ಟ್ಯುಟೋರಿಯಲ್ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟನು. ಯಾವುದಾದರೂ ಒಂದು ತಂತ್ರವನ್ನು ಇತರರು ಓದಿ, ತಾವೇ ಮಾಡಿ ನೋಡುವಂತೆ ಚಿತ್ರಸಹಿತ ಪಾಠವಾಗಿ ಬರೆದು ಕಳುಹಿಸಬೇಕು. ಗೆದ್ದವರಿಗೆ ಹಣದ ಬದಲು ಕ್ಯಾಮೆರಾ ಸಾಮಗ್ರಿ ದೊರೆಯುತ್ತದೆ. ಆತನ ಪಾಠಕ್ಕೆ ಎರಡನೆಯ ಬಹುಮಾನ ಬಂದಿತು. ಹೆಸರು ಕೊಟ್ಟ ದಿನದಿಂದ ಬಹುಮಾನದ ಪೆಟ್ಟಿಗೆ ಮನೆಗೆ ಬಂದ ದಿನದವರೆಗೆ ನಡೆದುದನ್ನು ಇಲ್ಲಿ ದಾಖಲಿಸಲಾಗಿದೆ. ಆತನನ್ನು ಛಾಯಾಗ್ರಾಹಕನೆಂದಷ್ಟೇ ಕರೆದಿದ್ದೇನೆ, ಆಯೋಜಕರ ಹೆಸರನ್ನು ಬಿಟ್ಟಿದ್ದೇನೆ. ಕರಡನ್ನು ಮೂರು ಸಲ ಓದಿ ತಕರಾರು ಎತ್ತಿದವನು ನಾನೇ ಆದುದರಿಂದ ಈ ವರದಿ ಪೂರ್ತಿ ಹೊರಗಿನವನ ನೋಟವಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಮಯ ಮತ್ತು ಸಲಕರಣೆ

ಮದುವೆಯ ಫೋಟೊ ತೆಗೆಯುವವನಿಗೆ ಆಷಾಢವೆಂದರೆ ಕೈ ಖಾಲಿಯಾಗುವ ತಿಂಗಳು. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದಿದ್ದರಿಂದ ಜೂನ್ ಮೂರನೆಯ ವಾರದಿಂದ ಆಗಸ್ಟ್ ನಡುವಿನವರೆಗೆ, ಅಂದರೆ ಸುಮಾರು ಎರಡು ತಿಂಗಳು, ಮುಹೂರ್ತಗಳೇ ಇರಲಿಲ್ಲ. ಈ ಬಿಡುವು ಇಲ್ಲದಿದ್ದರೆ ಪಾಠ ಬರೆಯುವ ಕೆಲಸಕ್ಕೆ ಆತ ಕೈ ಹಾಕುತ್ತಿರಲಿಲ್ಲ. ಆತನ ಬಳಿ ಇದ್ದುದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕ್ಯಾನನ್ 1500ಡಿ, ಅದರೊಂದಿಗೆ ಬಂದ 18-55 ಮಿ.ಮೀ. ಕಿಟ್ ಲೆನ್ಸ್ ಮತ್ತು ಒಂದು ಫ್ಲ್ಯಾಶ್. ಟ್ರೈಪಾಡ್ ಇರಲಿಲ್ಲ. ದೊಡ್ಡ ಸ್ಟುಡಿಯೋದವರು ಮದುವೆಗೆ ಎರಡನೆಯ ಕ್ಯಾಮೆರಾಮನ್ ಆಗಿ ಕರೆಯುವ ಮೊದಲು ಕೇಳುವ ಪ್ರಶ್ನೆ, ‘ಯಾವ ಬಾಡಿ ಐತಿ?’ ಎಂಬುದು (ಬಾಡಿಯೆಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ). ಸ್ಪರ್ಧೆಯ ಮೊದಲ ಬಹುಮಾನ ಲೆನ್ಸ್ ಸಹಿತವಾದ ಹೊಸ ಮಿರರ್‌ಲೆಸ್ ಕ್ಯಾಮೆರಾ. ಆತನು ಪ್ರಕಟಣೆಯಲ್ಲಿ ಓದಿದ್ದು ಆ ಒಂದು ಸಾಲನ್ನು ಮಾತ್ರ. ಎರಡನೆಯ ಮತ್ತು ಮೂರನೆಯ ಬಹುಮಾನಗಳ ವಿವರವನ್ನು ಫಲಿತಾಂಶ ಬಂದ ಮೇಲೆ ಓದಿದನು. ಇದರ ಪರಿಣಾಮ ಮುಂದೆ ಬರುತ್ತದೆ.

ನಿಯಮಗಳು ಕೇಳಿದ್ದೇನು

ನಿಯಮಾವಳಿ ನಾಲ್ಕು ಪುಟಗಳಷ್ಟಿತ್ತು. ಪಾಠವು ಒಂದೇ ತಂತ್ರಕ್ಕೆ ಸೀಮಿತವಾಗಿರಬೇಕು. ಚಿತ್ರಗಳೆಲ್ಲ ಸ್ಪರ್ಧಿಯೇ ತೆಗೆದವಾಗಿರಬೇಕು, ಅವುಗಳ ಹಕ್ಕು ಸ್ಪರ್ಧಿಯದೇ ಆಗಿರಬೇಕು ಮತ್ತು ಹಿಂದೆ ಎಲ್ಲಿಯೂ ಪ್ರಕಟವಾಗಿರಬಾರದು. ಗುರುತು ಹಿಡಿಯಬಹುದಾದ ವ್ಯಕ್ತಿ ಚಿತ್ರದಲ್ಲಿದ್ದರೆ ಲಿಖಿತ ಒಪ್ಪಿಗೆ ಬೇಕು. ಪಾಠದ ಹಕ್ಕು ಬರೆದವರಲ್ಲಿಯೇ ಉಳಿಯುತ್ತದೆ, ಆಯೋಜಕರಿಗೆ ಅದನ್ನು ತಮ್ಮ ತರಬೇತಿಯಲ್ಲಿ ಬಳಸುವ ಅನುಮತಿ ಮಾತ್ರ ಸಲ್ಲುತ್ತದೆ. ಅಂಕಗಳ ದೊಡ್ಡ ಪಾಲು ಮೀಸಲಾಗಿದ್ದುದು, ಹೊಸಬನೊಬ್ಬ ಪಾಠವನ್ನು ಓದಿ ಅದೇ ಫಲಿತಾಂಶ ಪಡೆಯಬಲ್ಲನೇ ಎಂಬ ಪ್ರಶ್ನೆಗೆ. ಚಿತ್ರದ ಅಂದಕ್ಕೆ ಇಟ್ಟಿದ್ದ ಪಾಲು ಅದಕ್ಕಿಂತ ಬಹಳ ಕಡಿಮೆ. ಇದನ್ನು ಓದಿದ ಮೇಲೂ ಛಾಯಾಗ್ರಾಹಕನು ತನ್ನ ಬಳಿಯಿದ್ದ ಅತ್ಯುತ್ತಮ ಚಿತ್ರಗಳನ್ನು ಮೊದಲು ಆರಿಸಿಟ್ಟು, ಅವುಗಳ ಸುತ್ತ ಪಾಠ ಹೆಣೆಯಲು ಹೊರಟನು. ಫೋಟೊ ಸ್ಪರ್ಧೆಗಳಿಗೆ ಕಳುಹಿಸಿ ರೂಢಿಯಾದವರೆಲ್ಲ ಹೀಗೆಯೇ ಮಾಡುತ್ತಾರೆಂದು ನನ್ನ ಅನುಭವ. ಚಿತ್ರ ಚೆನ್ನಾಗಿದ್ದರೆ ಬರಹ ಅದರ ಹಿಂದೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಇದರ ಬೇರಿನಲ್ಲಿದೆ.

ಆ ಅತ್ಯುತ್ತಮ ಚಿತ್ರಗಳು ಆತನವಾಗಿರಲಿಲ್ಲ. ಹಿಂದಿನ ವರ್ಷ ಊರಿನ ಸೀರೆ ವ್ಯಾಪಾರಿಯೊಬ್ಬರು ತಮ್ಮ ಗಿರಾಕಿಗಳಿಗೆ ವಾಟ್ಸ್ಆ್ಯಪಿನಲ್ಲಿ ಕಳುಹಿಸಲೆಂದು ಸೀರೆಗೆ ಇಷ್ಟೆಂದು ಹಣ ಕೊಟ್ಟು ತೆಗೆಸಿದ್ದ ಚಿತ್ರಗಳು ಅವು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ. ಆದರೆ ಅದೇ ಕಾಯ್ದೆಯ 17ನೇ ಕಲಮಿನ (ಬಿ) ಉಪಕಲಮು, ಬೇರೊಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರಕ್ಕೆ, ವಿರುದ್ಧವಾದ ಒಪ್ಪಂದ ಇಲ್ಲದಿದ್ದಾಗ, ತೆಗೆಸಿದವರೇ ಮೊದಲ ಒಡೆಯರೆಂದು ಹೇಳುತ್ತದೆ. ಮದುವೆಯ ಆಲ್ಬಮ್ಮಿಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಭಾಗದ ಸ್ಟುಡಿಯೋಗಳು ಮದುಮಕ್ಕಳ ಚಿತ್ರವನ್ನು ಅಂಗಡಿಯ ಮುಂದಿನ ಫಲಕಕ್ಕೆ ಹಾಕಿಕೊಳ್ಳುವಾಗ ಇದನ್ನು ನೆನೆಯುವುದು ಕಡಿಮೆ. ವ್ಯಾಪಾರಿಯನ್ನು ಕೇಳಿದಾಗ ಅವರು ಇಲ್ಲವೆನ್ನಲಿಲ್ಲ, ಆದರೆ ಅಂಗಡಿಯ ಹೆಸರು ಪ್ರತಿ ಚಿತ್ರದ ಮೇಲೆ ಇರಲೇಬೇಕೆಂದರು. ಅವು ಈಗಾಗಲೇ ನೂರಾರು ಜನರಿಗೆ ಹೋಗಿದ್ದರಿಂದ ಪ್ರಕಟವಾಗಿರಬಾರದೆಂಬ ನಿಯಮಕ್ಕೂ ಎರವಾಗುತ್ತಿದ್ದವು. ಹೀಗಾಗಿ ಮೂರು ವಾರಗಳಲ್ಲಿ ಸಿದ್ಧವಾಗಿದ್ದ ಮೊದಲ ಕರಡನ್ನು ಪೂರ್ತಿ ಬಿಡಬೇಕಾಯಿತು. ಆ ಹೊತ್ತಿಗೆ ಆತನಿಗೆ ಸ್ಪರ್ಧೆಯನ್ನೇ ಬಿಟ್ಟುಬಿಡುವ ಮನಸ್ಸಾಗಿತ್ತು. ನಾನೂ ತಡೆಯಲಿಲ್ಲ.

ಮಗ್ಗದ ಮನೆಯಲ್ಲಿ

ಕೊನೆಗೆ ಸ್ಪರ್ಧೆಯನ್ನು ಬಿಡದೆ, ಹೊಸದಾಗಿ ಚಿತ್ರ ತೆಗೆಯಲು ಆರಿಸಿಕೊಂಡದ್ದು ಆತನಿಗೆ ಪರಿಚಯದ ನೇಕಾರ ಮಹಿಳೆಯೊಬ್ಬರ ಮನೆ; ಇಲ್ಲಿ ಅವರನ್ನು ಕಾಕೂ ಎಂದು ಕರೆದಿದ್ದೇನೆ. ಇಳಕಲ್ ಸೀರೆಯ ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುವುದು ಈ ಸೀರೆಯ ವೈಶಿಷ್ಟ್ಯ. ಟೋಪ ತೆನಿ ಎಂದು ಕರೆಯುವ ಈ ಸೆರಗಿನಲ್ಲಿ ಕೆಂಪು ರೇಷ್ಮೆಯ ಮೂರು ಪಟ್ಟೆಗಳ ನಡುವೆ ಬಿಳಿಯ ಎರಡು ಪಟ್ಟೆಗಳು ಬರುತ್ತವೆ, ಅವು ಕೂಡುವಲ್ಲಿ ಬಾಚಣಿಗೆಯ ಹಲ್ಲಿನಂತೆ ತೆನೆಗಳು ಏಳುತ್ತವೆ. ಈ ಸೆರಗಿನ ಫೋಟೊ ತೆಗೆಯುವುದು ನೋಡಿದಷ್ಟು ಸುಲಭವಲ್ಲ. ಹತ್ತಿಯ ಒಡಲು ಬೆಳಕನ್ನು ಹೀರುತ್ತದೆ, ರೇಷ್ಮೆಯ ಸೆರಗು ಹೊಳೆಯುತ್ತದೆ, ಅಚ್ಚ ಕೆಂಪಿನ ಪಕ್ಕದಲ್ಲಿಯೇ ಅಚ್ಚ ಬಿಳಿ ಇರುತ್ತದೆ. ವಾಟ್ಸ್ಆ್ಯಪಿನಲ್ಲಿ ನೋಡಿ ಕೊಂಡವರು ‘ಬಣ್ಣ ಬ್ಯಾರೆ ಬಂದೈತಿ’ ಎಂದು ಸೀರೆ ಹಿಂತಿರುಗಿಸುವುದು ಊರಿನ ವ್ಯಾಪಾರಿಗಳಿಗೆ ಹಳೆಯ ತಲೆನೋವು. ಪಾಠಕ್ಕೆ ಇದೇ ವಿಷಯ ಸಿಕ್ಕಿತು: ಮನೆಯ ಬೆಳಕಿನಲ್ಲಿ ಸೀರೆಯ ಬಣ್ಣವನ್ನು ಇದ್ದಂತೆ ತೋರಿಸುವ ಬಗೆ.

ಮೊದಲ ದಿನ ತೆಗೆದ ಚಿತ್ರಗಳನ್ನು ಕ್ಯಾಮೆರಾದ ಪರದೆಯ ಮೇಲೆ ತೋರಿಸಿದಾಗ ಆ ಮಹಿಳೆ ನಕ್ಕರು. “ಇದು ನಾ ನೇಯ್ದ ಸೀರಿ ಅಲ್ಲ ತಮ್ಮಾ. ನಂದು ದಾಳಿಂಬರ ಬಣ್ಣ, ಇದು ಗುಲಾಬಿ ಆಗೇತಿ.” ಎರಡನೆಯ ದಿನ ಕ್ಯಾಮೆರಾದ ಬಿಳಿ ಸಮತೋಲ, ಅಂದರೆ ವೈಟ್ ಬ್ಯಾಲೆನ್ಸ್, ಬದಲಿಸಿ ನೋಡಿದರೂ ಸೆರಗಿನ ಒಂದು ತುದಿ ಸರಿಯಾದರೆ ಇನ್ನೊಂದು ತುದಿ ಹಸಿರುಗಪ್ಪಾಗುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಕ್ಕೆ ಕರೆಂಟಿನ ಹಂಗಿಲ್ಲ, ಕಾಕೂ ನೇಯುತ್ತಲೇ ಇದ್ದರು. ಸುಮ್ಮನೆ ಕೂಡುವುದೇಕೆಂದು ಛಾಯಾಗ್ರಾಹಕನೂ ಒಂದೆರಡು ಚಿತ್ರ ತೆಗೆದನು. ಅವುಗಳಲ್ಲಿ ಸೆರಗಿನ ಬಣ್ಣ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಆಗಿತ್ತು. ಕಿಟಕಿಯ ಹಗಲು ಬೆಳಕು ಮತ್ತು ಗೋಡೆಯ ಟ್ಯೂಬ್‌ಲೈಟು ಬೇರೆ ಬೇರೆ ಬಣ್ಣದ ಬೆಳಕುಗಳು. ಕಣ್ಣು ಅವೆರಡನ್ನೂ ಬಿಳಿಯೆಂದೇ ಒಪ್ಪಿಕೊಳ್ಳುತ್ತದೆ, ಕ್ಯಾಮೆರಾ ಒಪ್ಪಿಕೊಳ್ಳುವುದಿಲ್ಲ, ಮತ್ತು ಬಿಳಿ ಸಮತೋಲ ಒಂದು ಸಲಕ್ಕೆ ಒಂದು ಬೆಳಕನ್ನು ಮಾತ್ರ ತಿದ್ದಬಲ್ಲದು. ಇದು ಪುಸ್ತಕದಲ್ಲಿ ಇರುವ ಮಾತೇ, ಆತನೂ ಓದಿದ್ದ ಮಾತೇ. ಆದರೆ ಕತ್ತಲೆಯ ಕೋಣೆಗೆ ಹೋದೊಡನೆ ಲೈಟು ಹಾಕುವ ಕೈಯ ರೂಢಿ ಆ ಓದಿಗಿಂತ ಬಲವಾಗಿತ್ತು. ಕರೆಂಟು ಬಂದ ಮೇಲೆ ಅದೇ ಜಾಗದಿಂದ, ಅದೇ ಸೆಟ್ಟಿಂಗಿನಲ್ಲಿ, ಟ್ಯೂಬ್‌ಲೈಟು ಹಚ್ಚಿ ಒಂದು, ಆರಿಸಿ ಒಂದು ಚಿತ್ರ ತೆಗೆದನು. ಈ ಜೋಡಿಯೇ ಪಾಠದ ನಡುಗಂಬವಾಯಿತು.

ಕಿಟಕಿ ಉತ್ತರಕ್ಕಿತ್ತು. ಉತ್ತರದ ಕಿಟಕಿಗೆ ನೇರ ಬಿಸಿಲು ಬರುವುದೇ ಇಲ್ಲ ಎಂದು ಆತ ಕರಡಿನಲ್ಲಿ ಬರೆದಿದ್ದನು, ನಾನು ಆ ಸಾಲಿಗೆ ಅಡ್ಡಗೆರೆ ಎಳೆದೆ. ಯುರೋಪಿನವರು ಬರೆದ ಪುಸ್ತಕಗಳಿಗೆ ಅದು ಹೆಚ್ಚುಕಡಿಮೆ ಸರಿ. ಇಳಕಲ್ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಆ ದಿನಗಳಲ್ಲಿ ಬೆಳಗಿನ ಮತ್ತು ಸಂಜೆಯ ಬಿಸಿಲು ಉತ್ತರದ ಕಿಟಕಿಯಿಂದ ಓರೆಯಾಗಿ ಒಳಗೆ ಬೀಳುತ್ತದೆ. ಆಷಾಢದ ಮೋಡ ಇದನ್ನು ಮರೆಮಾಡಿತ್ತು. ತಿದ್ದಿದ ಪಾಠದಲ್ಲಿ, ಬಿಸಿಲು ಬಿದ್ದರೆ ಕಿಟಕಿಗೆ ಒಂದು ಪದರ ಬಿಳಿ ಧೋತರ ಕಟ್ಟಬೇಕು ಮತ್ತು ಎದುರು ಬದಿಯಲ್ಲಿ ಥರ್ಮೊಕೋಲ್ ಹಾಳೆಯನ್ನು ನಿಲ್ಲಿಸಿ ನೆರಳನ್ನು ತಿಳಿಗೊಳಿಸಬೇಕು ಎಂಬ ಸೂಚನೆ ಸೇರಿತು.

ಬೆಳಕು ಒಂದೇ ಆದ ಮೇಲೆ ಅದನ್ನು ಕ್ಯಾಮೆರಾಕ್ಕೆ ಪರಿಚಯಿಸಬೇಕು. ಇದಕ್ಕೆ ಅಂಗಡಿಯಲ್ಲಿ ಬೂದು ಕಾರ್ಡು ಸಿಗುತ್ತದೆ, ಆದರೆ ಇಳಕಲ್ಲಿನಲ್ಲಿ ಸಿಗುವುದಿಲ್ಲ. ಬಿಳಿ ಹಾಳೆ ಹಿಡಿದರೆ ಸಾಕೆಂದು ಹಲವರು ಹೇಳುತ್ತಾರೆ. ಝೆರಾಕ್ಸ್ ಹಾಳೆಗೆ ಬಿಳುಪು ಹೆಚ್ಚಲೆಂದು ಬೆರೆಸುವ ರಾಸಾಯನಿಕವು ಹಗಲು ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳನ್ನು ಹೀರಿ ನೀಲಿ ಬೆಳಕಾಗಿ ಬಿಡುತ್ತದೆ; ಆ ಹಾಳೆಯನ್ನು ಬಿಳಿಯೆಂದು ನಂಬಿದ ಕ್ಯಾಮೆರಾ ನೀಲಿಯನ್ನು ತಗ್ಗಿಸಿ ಸೀರೆಗೆ ಹಳದಿ ಛಾಯೆ ಕೊಡುತ್ತದೆ. ಛಾಯಾಗ್ರಾಹಕನ ಅಣ್ಣ ನಳದ ಕೆಲಸ ಮಾಡುವವರು. ನಳದ ಜೋಡಣೆಗೆ ಸುತ್ತುವ ಟೆಫ್ಲಾನ್ ಟೇಪು ಅವರ ಚೀಲದಲ್ಲಿತ್ತು. ಟೆಫ್ಲಾನ್ ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುವ ವಸ್ತು, ಪ್ರಯೋಗಾಲಯಗಳಲ್ಲಿ ಬಿಳಿಯ ಮಾನದಂಡವಾಗಿ ಬಳಸುವ ಫಲಕಗಳೂ ಇದರಿಂದಲೇ ಆಗುತ್ತವೆ. ಟೇಪು ತೆಳುವಾಗಿ ಹಿಂದಿನದು ಕಾಣುವಂತಿರುವುದರಿಂದ ರಟ್ಟಿನ ಮೇಲೆ ಹತ್ತು ಪದರವಾದರೂ ಒತ್ತೊತ್ತಾಗಿ ಸುತ್ತಬೇಕು. ಹೀಗೆ ಮಾಡಿದ ಅಂಗೈಯಗಲದ ಕಾರ್ಡನ್ನು ಸೀರೆಯ ಮೇಲೆ ಇಟ್ಟು ಒಂದು ಚಿತ್ರ ತೆಗೆದು, 1500ಡಿ ಕ್ಯಾಮೆರಾದ ಕಸ್ಟಮ್ ವೈಟ್ ಬ್ಯಾಲೆನ್ಸಿಗೆ ಅದೇ ಚಿತ್ರವನ್ನು ತೋರಿಸಿದಾಗ ದಾಳಿಂಬರದ ಕೆಂಪು ದಾಳಿಂಬರದ್ದೇ ಆಗಿ ಬಂದಿತು.

ಬಣ್ಣ ಸರಿಯಾದರೂ ಸೆರಗಿನ ನೇಯ್ಗೆ ಕಾಣುತ್ತಿರಲಿಲ್ಲ, ಕೆಂಪು ಬಳಿದ ಗೋಡೆಯಂತೆ ಸಪಾಟಾಗಿತ್ತು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸಂವೇದಕದಲ್ಲಿ (ಸೆನ್ಸರ್) ಅರ್ಧದಷ್ಟು ಬಿಂದುಗಳು ಹಸಿರಿಗೆ, ಕಾಲು ಭಾಗ ನೀಲಿಗೆ, ಕಾಲು ಭಾಗ ಕೆಂಪಿಗೆ ಮೀಸಲು. 1500ಡಿಯ 2 ಕೋಟಿ 41 ಲಕ್ಷ ಬಿಂದುಗಳಲ್ಲಿ ಅಚ್ಚ ಕೆಂಪಿನ ವಿವರವನ್ನು ಹಿಡಿಯುವವು ಸುಮಾರು 60 ಲಕ್ಷ ಮಾತ್ರ, ಅವು ಬೇಗ ತುಂಬಿ ತುಳುಕುತ್ತವೆ. ಒಟ್ಟು ಬೆಳಕಿನ ಹಿಸ್ಟೋಗ್ರಾಮ್, ಅಂದರೆ ಚಿತ್ರದಲ್ಲಿ ಬೆಳಕು ಹೇಗೆ ಹಂಚಿದೆಯೆಂದು ತೋರಿಸುವ ನಕ್ಷೆ, ಎಲ್ಲವೂ ಸರಿಯಿದೆ ಎಂದು ತೋರಿಸುತ್ತಿರುವಾಗಲೇ ಕೆಂಪಿನ ಎಳೆಗಳು ಕರಗಿಹೋಗಿರುತ್ತವೆ. ಪ್ರತಿ ಬಣ್ಣವನ್ನೂ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ನೋಡಿ, ಒಂದು ಸ್ಟಾಪಿನ (ಬೆಳಕು ಅರ್ಧವಾಗುವ ಅಳತೆ) ಮೂರನೇ ಎರಡು ಭಾಗದಷ್ಟು ಬೆಳಕು ತಗ್ಗಿಸುವುದು ಪರಿಹಾರ. ಹೊಳಪಿಗೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿ ನೋಡಲಾಯಿತು: ರೇಷ್ಮೆಯ ಹೊಳಪು ಇಳಿಯಿತು, ಜರಿಯದು ಲೋಹದ್ದಾದ್ದರಿಂದ ಇಳಿಯಲಿಲ್ಲ. ಕ್ಯಾಮೆರಾವನ್ನು ಅರ್ಧ ಮೊಳ ಪಕ್ಕಕ್ಕೆ ಸರಿಸುವುದು ಅದಕ್ಕಿಂತ ಸುಲಭವೆಂದು ಕಂಡು ಪೋಲರೈಸರಿನ ಮಾತನ್ನೇ ಕೈಬಿಡಲಾಯಿತು. ಟ್ರೈಪಾಡ್ ಇಲ್ಲದ್ದರಿಂದ ಕ್ಯಾಮೆರಾವನ್ನು ಮಣೆಯ ಮೇಲೆ ಇಟ್ಟು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಶಟರ್ ತೆರೆದಿರುವ ಹೊತ್ತು ಸೆಕೆಂಡಿನ ಕಾಲು ಭಾಗ, ಎರಡು ಸೆಕೆಂಡಿನ ಟೈಮರ್ ಎಂಬ ಸೆಟ್ಟಿಂಗಿನಲ್ಲಿ ಬಟ್ಟೆಯ ಚಿತ್ರಗಳನ್ನು ತೆಗೆಯಲಾಯಿತು.

ಲಾಳಿ ಓಡುವ ಚಿತ್ರವೊಂದು ಬೇಕೆಂಬುದು ಆತನ ಹಟ. ಟ್ಯೂಬ್‌ಲೈಟು ಹಚ್ಚಿ ಸೆಕೆಂಡಿನ 1/500 ಭಾಗದಲ್ಲಿ ತೆಗೆದರೆ ಚಿತ್ರದಲ್ಲಿ ಅಡ್ಡಡ್ಡ ಬಣ್ಣದ ಪಟ್ಟಿಗಳು ಬಂದವು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದುದರಿಂದ ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ವೇಗದ ಶಟರಿನ ಕಿಂಡಿ ಆ ಮಿಣುಕನ್ನು ತುಂಡು ತುಂಡಾಗಿ ಹಿಡಿಯುತ್ತದೆ. 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ, ಆದರೆ ಬೆರಕೆ ಬೆಳಕಿನ ತೊಂದರೆ ಮತ್ತೆ ತಲೆಯೆತ್ತುತ್ತದೆ. ಕಿಟಕಿಯ ಬೆಳಕೊಂದರಲ್ಲಿಯೇ, ಎಫ್/5.6ರಲ್ಲಿ, 1/500ಕ್ಕೆ ಹೋಗಬೇಕೆಂದರೆ ಐಎಸ್ಒ 6400 ಬೇಕು, ಕಾಳುಕಾಳಾದ ಚಿತ್ರ ಬರುತ್ತದೆ. ಕೊನೆಗೆ ಐಎಸ್ಒ 800, 1/60ರಲ್ಲಿ ಲಾಳಿ ಮಸುಕಾಗಿ, ಬಟ್ಟೆ ಸ್ಪಷ್ಟವಾಗಿ ಬಂದ ಚಿತ್ರವನ್ನೇ ಇಟ್ಟುಕೊಂಡನು. ಇದು ಪಾಠದ ವಿಷಯಕ್ಕೆ ಹೊರತಾದದ್ದೆಂದು ನಾನು ಹೇಳಿದೆ. ಆತ ಕೇಳಲಿಲ್ಲ, ಮತ್ತು ತೀರ್ಪುಗಾರರೂ ಆಮೇಲೆ ಅದನ್ನೇ ಹೇಳಿದರು.

ಪಾಠವನ್ನು ಪರೀಕ್ಷೆಗೆ ಒಡ್ಡಿದ್ದು

ಎರಡನೆಯ ಕರಡನ್ನು ಮೂವರಿಗೆ ಓದಲು ಕೊಡಲಾಯಿತು. ಊರಿನ ಹಿರಿಯ ಸ್ಟುಡಿಯೋ ಮಾಲೀಕರು ‘ಎಲ್ಲಾ ಬರೋಬರಿ ಐತಿ’ ಎಂದರು. ಡಿಗ್ರಿ ಓದುವ, ಕ್ಯಾಮೆರಾದ ಹುಚ್ಚಿರುವ ಹುಡುಗನೊಬ್ಬ ತಿಳಿಯಿತೆಂದು ತಲೆಯಾಡಿಸಿದ. ಮೂರನೆಯವಳು ಕಾಕೂರವರ ಮಗಳು, ಪಿಯುಸಿ ವಿದ್ಯಾರ್ಥಿನಿ, ಕೈಯಲ್ಲಿ ಸಾಮಾನ್ಯ ಫೋನು. ಆಕೆ ಓದಿ ತಲೆಯಾಡಿಸಲಿಲ್ಲ. ಕರಡನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹೆಜ್ಜೆ ಮಾಡತೊಡಗಿದಳು ಮತ್ತು ನಾಲ್ಕನೆಯ ಹೆಜ್ಜೆಗೆ ನಿಂತಳು. “ಅಣ್ಣಾ, ಈ ಹಿಸ್ಟೋಗ್ರಾಮ್ ನನ್ನ ಫೋನಿನ್ಯಾಗ ಎಲ್ಲಿ ಐತಿ?” ಆಕೆಯ ಫೋನಿನಲ್ಲಿ ಅದು ಇರಲಿಲ್ಲ. ಕಸ್ಟಮ್ ವೈಟ್ ಬ್ಯಾಲೆನ್ಸೂ ಇರಲಿಲ್ಲ. ಅಲ್ಲಿಗೆ ಪಾಠದ ಅರ್ಧ ಭಾಗ ಆಕೆಗೆ ಕೆಲಸಕ್ಕೆ ಬಾರದಂತಾಯಿತು.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಘಟ್ಟ ಇದು. ಮೊದಲ ಇಬ್ಬರು ಓದುಗರು ಪಾಠದಲ್ಲಿ ಬಿಟ್ಟುಹೋದದ್ದನ್ನು ತಮ್ಮ ತಿಳಿವಳಿಕೆಯಿಂದ ತುಂಬಿಕೊಂಡು ಓದಿದ್ದರು, ಆದುದರಿಂದ ಅವರಿಗೆ ಕೊರತೆ ಕಾಣಲೇ ಇಲ್ಲ. ತುಂಬಿಕೊಳ್ಳಲು ಏನೂ ಇಲ್ಲದವಳು ಮಾತ್ರ ಪಾಠ ಎಲ್ಲಿ ಮುರಿಯುತ್ತದೆಂದು ತೋರಿಸಬಲ್ಲವಳಾದಳು. ಛಾಯಾಗ್ರಾಹಕನು ಆಕೆಯ ಪಕ್ಕದಲ್ಲಿ ಕುಳಿತು, ಬಾಯಿ ಬಿಡದೆ, ಆಕೆ ಎಲ್ಲೆಲ್ಲಿ ತಡೆಯುತ್ತಾಳೆ ಎಂಬುದನ್ನು ಬರೆದುಕೊಂಡನು. ಬಾಯಿ ಬಿಡದಿರುವುದು ಆತನಿಗೆ ಬಹಳ ಕಷ್ಟವಾಯಿತೆಂದು ಆತನೇ ಹೇಳಿದನು. ಅದರಿಂದ ಎರಡು ಬದಲಾವಣೆಗಳು ಬಂದವು. ಕಾರ್ಡನ್ನು ಚಿತ್ರದ ಮೂಲೆಯಲ್ಲಿ ಸೇರಿಸಿಯೇ ತೆಗೆದು, ಆಮೇಲೆ ಸ್ನ್ಯಾಪ್‌ಸೀಡ್ ಎಂಬ ಫೋಟೊ ತಿದ್ದುವ ಆ್ಯಪಿನ ವೈಟ್ ಬ್ಯಾಲೆನ್ಸ್ ಸಾಧನದಲ್ಲಿರುವ ಡ್ರಾಪರನ್ನು ಕಾರ್ಡಿನ ಮೇಲೆ ಇಟ್ಟು ಬಣ್ಣ ತಿದ್ದುವ ದಾರಿಯನ್ನು ಫೋನಿನವರಿಗಾಗಿ ಬರೆಯಲಾಯಿತು. ಹಿಸ್ಟೋಗ್ರಾಮಿನ ಬದಲು ಸೀರೆಯಲ್ಲಿಯೇ ಅಳತೆಗೋಲು ಹುಡುಕಲಾಯಿತು: ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಾಗ ಎರಡು ಬಿಳಿ ತೆನೆಗಳ ನಡುವಿನ ಕೆಂಪಿನಲ್ಲಿ ಎಳೆಗಳು ಎಣಿಸುವಂತೆ ಕಂಡರೆ ಬೆಳಕು ಸರಿ, ಕಾಣದಿದ್ದರೆ ಪರದೆಯ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿ ಮತ್ತೆ ತೆಗೆಯಬೇಕು. ಇದು ಕಾಕೂರವರೇ ಸೂಚಿಸಿದ್ದು. ನೇಯ್ಗೆಯ ತಪ್ಪನ್ನು ಅವರು ನೋಡುವುದೂ ಅದೇ ಜಾಗದಲ್ಲಿ.

ಮೂರನೆಯ ಕರಡಿನಲ್ಲಿ ಗುಲಾಬಿಯಾಗಿ ಕೆಟ್ಟ ಮೊದಲ ದಿನದ ಚಿತ್ರವೂ, ಹಸಿರುಗಪ್ಪಾದ ಎರಡನೆಯ ದಿನದ ಚಿತ್ರವೂ ಸೇರಿದವು. ಕೆಟ್ಟ ಚಿತ್ರಗಳನ್ನು ತನ್ನ ಹೆಸರಿನಲ್ಲಿ ಸ್ಪರ್ಧೆಗೆ ಕಳುಹಿಸುವುದಕ್ಕೆ ಆತ ಬಹಳ ಹಿಂಜರಿದನು. ಕೆಟ್ಟದ್ದು ಯಾವುದೆಂದು ಕಾಣದವನಿಗೆ ತಾನು ಮಾಡಿದ್ದು ಸರಿಯೆಂದು ಹೇಗೆ ತಿಳಿಯಬೇಕು ಎಂದು ಕೇಳಿದ ಮೇಲೆ ಒಪ್ಪಿದನು.

ಒಪ್ಪಿಗೆಯ ಪತ್ರಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸೀರೆ ನೂಲು ಕೊಟ್ಟು ನೇಯಿಸುವ ಸಾವಕಾರರದು, ಅವರಿಂದ ಒಂದು ಪತ್ರ. ಮಗಳು ಹದಿನೆಂಟು ತುಂಬದವಳು, ಆದ್ದರಿಂದ ಆಕೆಯ ಕೈ ಕಾಣುವ ಚಿತ್ರಕ್ಕೂ ತಾಯಿಯ ಸಹಿ. ಕಾಕೂ ತಮ್ಮ ಮುಖ ಬೇಡವೆಂದರು: “ಮಾರಿ ಬ್ಯಾಡ, ಕೈ ತಗಿ. ಸೀರಿ ನೇಯೋದು ಕೈ ಅಲ್ಲೇನು?” ಮಗ್ಗದ ಮೇಲಿದ್ದ ಹೊಸ ದಡಿಯೊಂದನ್ನು (ಸೀರೆಯ ಅಂಚಿನ ವಿನ್ಯಾಸ) ತೋರಿಸಬಾರದೆಂದೂ ಹೇಳಿದರು, ಪವರ್‌ಲೂಮಿನವರು ಅದನ್ನು ವಾರದಲ್ಲಿ ನಕಲು ಮಾಡುತ್ತಾರೆಂಬುದು ಅವರ ಭಯ. ಎಲ್ಲರಿಗೂ ತಿಳಿದಿರುವ ಚಿಕ್ಕಿ ಪರಾಸ ದಡಿಯ ಸೀರೆಯನ್ನೇ ಬಳಸಲಾಯಿತು.

ಫಲಿತಾಂಶ ಮತ್ತು ಬಹುಮಾನ

ದಸರೆಯ ಹೊತ್ತಿಗೆ ಫಲಿತಾಂಶ ಬಂದಿತು. ತೀರ್ಪುಗಾರರ ಟಿಪ್ಪಣಿಯಲ್ಲಿ ಟೆಫ್ಲಾನ್ ಕಾರ್ಡು, ಟ್ಯೂಬ್‌ಲೈಟಿನ ಜೋಡಿ ಚಿತ್ರ ಮತ್ತು ತೆನೆಗಳ ನಡುವೆ ಎಳೆ ನೋಡುವ ಉಪಾಯಕ್ಕೆ ಮೆಚ್ಚುಗೆ ಇತ್ತು. ಲಾಳಿಯ ಚಿತ್ರ ಒಂದೇ ತಂತ್ರವೆಂಬ ನಿಯಮವನ್ನು ಮೀರುತ್ತದೆ ಎಂದೂ ಬರೆದಿದ್ದರು. ಆ ಒಂದು ಚಿತ್ರವೇ ಮೊದಲ ಸ್ಥಾನವನ್ನು ತಪ್ಪಿಸಿತು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಆತನ ನಂಬಿಕೆ ಮಾತ್ರ ಹಾಗೆಯೇ ಇದೆ.

ಎರಡನೆಯ ಬಹುಮಾನ ಒಂದು ಲೆನ್ಸ್: ಆರ್‌ಎಫ್ ಮೌಂಟಿನ (ಲೆನ್ಸ್ ಕ್ಯಾಮೆರಾಕ್ಕೆ ಕೂಡುವ ಬಾಯಿಯ) 50 ಮಿ.ಮೀ. ಎಫ್/1.8. ಆಯೋಜಕರು ಅದರ ಬೆಲೆಯನ್ನು 18,000 ರೂಪಾಯಿ ಎಂದು ಲೆಕ್ಕ ಹಿಡಿದು, ಲೆನ್ಸ್ ಕಳುಹಿಸುವ ಮೊದಲು ಪ್ಯಾನ್ ಸಂಖ್ಯೆ ಮತ್ತು 5,400 ರೂಪಾಯಿ ತೆರಿಗೆ ಕೇಳಿದರು. ಮೋಸದ ಕರೆಯೆಂದೇ ಆತ ಮೊದಲು ತಿಳಿದನು. ಬಹುಮಾನ ಬಂದಿದೆ, ಮೊದಲು ಹಣ ಕಟ್ಟಿ ಎಂಬುದು ಮೋಸಗಾರರ ಮಾಮೂಲು ಮಾತಾದ್ದರಿಂದ ಆ ಅನುಮಾನ ಸರಿಯಾದುದೇ ಆಗಿತ್ತು. ಆದರೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 194ಬಿ ಕಲಮಿನ ಪ್ರಕಾರ 10,000 ರೂಪಾಯಿಗೆ ಮೀರಿದ ಲಾಟರಿ ಮತ್ತು ಆಟದ ಗೆಲುವಿಗೆ ಶೇ. 30ರ ತೆರಿಗೆ ಮುರಿಯಬೇಕು, ಗೆಲುವು ವಸ್ತುರೂಪದಲ್ಲಿದ್ದರೆ ತೆರಿಗೆ ಸಂದಾಯವಾದದ್ದನ್ನು ಖಚಿತಪಡಿಸಿಕೊಂಡೇ ವಸ್ತುವನ್ನು ಕೊಡಬೇಕು. ಕೌಶಲದಿಂದ ಬರೆದ ಪಾಠವನ್ನು ಆಟದ ಸಾಲಿಗೆ ಸೇರಿಸಬಹುದೇ ಎಂಬುದು ವಾದಕ್ಕೆ ಎಡೆಯುಳ್ಳ ಪ್ರಶ್ನೆ; ಆಯೋಜಕರು ಸೇರಿಸಿದ್ದರು, ನಿಯಮಾವಳಿಯ ಮೂರನೆಯ ಪುಟದಲ್ಲಿ ಬರೆದೂ ಇದ್ದರು. ಆತನ ವಾರ್ಷಿಕ ಆದಾಯ ತೆರಿಗೆಯ ಮಿತಿಗಿಂತ ಕಡಿಮೆ. ಆದರೂ ಇಂಥ ಗೆಲುವಿನ ಮೇಲಿನ ತೆರಿಗೆಗೆ ಆ ಮಿತಿಯ ವಿನಾಯಿತಿ ಸಿಗುವುದಿಲ್ಲ, ಮಾಡಿದ ಖರ್ಚನ್ನು ಕಳೆಯಲೂ ಅವಕಾಶವಿಲ್ಲ. ಹಣವನ್ನು ಅಣ್ಣನಿಂದ ಕೈಗಡ ತಂದು, ಆಯೋಜಕರ ಕಚೇರಿಗೆ ತಾನೇ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆ ಕಟ್ಟಿದನು.

ಪೆಟ್ಟಿಗೆ ಬಂದ ದಿನ ಸಂಜೆ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಲು ಹೋದಾಗ ಅದು ಕೂಡಲಿಲ್ಲ. ಕ್ಯಾನನ್ 1500ಡಿಯದು ಇಎಫ್ ಮೌಂಟು, 1987ರಿಂದ ನಡೆದುಬಂದದ್ದು; ಅದರಲ್ಲಿ ಲೆನ್ಸಿನ ಬುಡದಿಂದ ಸಂವೇದಕಕ್ಕೆ 44 ಮಿ.ಮೀ. ದೂರ. ಕನ್ನಡಿಯಿಲ್ಲದ ಕ್ಯಾಮೆರಾಗಳಿಗಾಗಿ 2018ರಲ್ಲಿ ಬಂದ ಆರ್‌ಎಫ್ ಮೌಂಟಿನಲ್ಲಿ ಆ ದೂರ 20 ಮಿ.ಮೀ. ಹಳೆಯ ಲೆನ್ಸನ್ನು ಹೊಸ ಬಾಡಿಗೆ ಹಾಕಬೇಕಾದರೆ ಉಳಿದ 24 ಮಿ.ಮೀ. ತುಂಬುವ ಅಡಾಪ್ಟರ್ ಸಾಕು. ಹೊಸ ಲೆನ್ಸನ್ನು ಹಳೆಯ ಬಾಡಿಗೆ ಹಾಕಲು ಆ 24 ಮಿ.ಮೀ. ಅನ್ನು ಕೊರೆದು ಒಳಗಿಳಿಸಬೇಕಾಗುತ್ತದೆ, ಅಲ್ಲಿ ಕನ್ನಡಿ ಇದೆ. ನಿಯಮಾವಳಿಯಲ್ಲಿ ‘ಆರ್‌ಎಫ್’ ಎಂಬ ಎರಡು ಅಕ್ಷರ ಸ್ಪಷ್ಟವಾಗಿಯೇ ಇದ್ದವು. ಮೂರನೆಯ ಬಹುಮಾನ ಒಂದು ಟ್ರೈಪಾಡ್ ಮತ್ತು ಎಲ್‌ಇಡಿ ದೀಪವಾಗಿತ್ತು, ಎರಡೂ ಆತನಿಗೆ ಮರುದಿನವೇ ಕೆಲಸಕ್ಕೆ ಬರುತ್ತಿದ್ದವು. ಬದಲಿಸಿಕೊಡಬಹುದೇ ಎಂದು ಕೇಳಿದ್ದಕ್ಕೆ, ಬಹುಮಾನ ಬದಲಾಯಿಸಲಾಗದೆಂಬ ನಿಯಮವನ್ನು ತೋರಿಸಿದರು.

ಲೆನ್ಸನ್ನು ಮಾರಿಬಿಡೆಂದು ನಾನು ಹೇಳಿದೆ. ಮಾರಿದರೆ ತೆರಿಗೆ ಕಳೆದು ಟ್ರೈಪಾಡಿಗೂ ಒಂದು ಒಳ್ಳೆಯ ದೀಪಕ್ಕೂ ಆಗುವಷ್ಟು ಹಣ ಉಳಿಯುತ್ತಿತ್ತು. ಆತ ಮಾರಲಿಲ್ಲ, ಮುಂದೆ ಸೆಕೆಂಡ್ ಹ್ಯಾಂಡ್ ಆರ್‌ಎಫ್ ಬಾಡಿಯೊಂದನ್ನು ಕೊಳ್ಳುವ ಲೆಕ್ಕದಲ್ಲಿ ಸಿಲಿಕಾ ಜೆಲ್ಲಿನ ಪುಡಿಕೆಗಳ ಜೊತೆ ಡಬ್ಬಿಯಲ್ಲಿಟ್ಟಿದ್ದಾನೆ. ದೀಪಾವಳಿಯ ಮುನ್ನ ಕಾಕೂರವರ ಸಾವಕಾರರು ಹೊಸ ಸೀರೆಗಳ ಚಿತ್ರ ತೆಗೆಸಬೇಕಿತ್ತು, ಎಂದಿನಂತೆ ಆತನಿಗೆ ಫೋನ್ ಬರಬೇಕಾಗಿತ್ತು. ಬರಲಿಲ್ಲ. ಕೇಳಿದಾಗ, ಕಾಕೂರವರ ಮಗಳೇ ಟೆಫ್ಲಾನ್ ಕಾರ್ಡು ಇಟ್ಟುಕೊಂಡು, ಟ್ಯೂಬ್‌ಲೈಟು ಆರಿಸಿ, ತನ್ನ ಫೋನಿನಲ್ಲಿ ಎಲ್ಲ ಸೀರೆಗಳ ಚಿತ್ರ ತೆಗೆದುಕೊಟ್ಟಿದ್ದಳೆಂದು ತಿಳಿಯಿತು.